ಕಣ್ಣಿಗೆ ಕಾಣದ ಕಾಡಿಗೆ

ಕನ್ನಡದಲ್ಲಿ ನಮಗೆ ಉಳಿದುಬಂದಿರುವ ಮೊಟ್ಟಮೊದಲ ಪುಸ್ತಕ, ಬರೆಯುವುದು ಹೇಗೆ ಎಂದು ಹೇಳಿಕೊಡುವ ಪುಸ್ತಕ. ಸುಮಾರು ಕ್ರಿ.ಶ. 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿದ್ದ ಶ್ರೀವಿಜಯ ರಚಿಸಿದ ‘ಕವಿರಾಜಮಾರ್ಗ’ವನ್ನು ನಾವೆಲ್ಲ ಶಾಲೆಯ ದಿನಗಳಿಂದಲೂ ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ನೆನೆಯುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಹಬ್ಬಿತ್ತು ಎಂದು ಅದು ಹೇಳುತ್ತದೆ. ನವೆಂಬರ್ ಬಂತೆಂದರೆ ಬ್ಯಾನರುಗಳ ಮೇಲೆ, ಭಾಷಣಗಳ ಮೊದಲ ಮಾತಿನಲ್ಲಿ ಆ ಪದ್ಯ ಹಾಜರು. 1898ರಲ್ಲಿ ಕೆ.ಬಿ. ಪಾಠಕರು ಇದನ್ನು ಮೊದಲ ಸಲ ಅಚ್ಚು ಮಾಡಿಸಿದರು. ಅಲ್ಲಿಂದ ಈಚೆಗೆ ನಾವು ಅದರೊಳಗಿಂದ ಒಂದು ನಕಾಶೆಯನ್ನು ಹೊರತೆಗೆದುಕೊಂಡು, ಉಳಿದದ್ದನ್ನು ಎಂ.ಎ. ತರಗತಿಯ ಪರೀಕ್ಷೆಗೆ ಬಿಟ್ಟುಬಿಟ್ಟಿದ್ದೇವೆ.

ಉಳಿದದ್ದು ಎಂದರೆ ಪುಸ್ತಕದ ಬಹುಪಾಲು. ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ಬರವಣಿಗೆಯ ದೋಷಗಳ ಬಗ್ಗೆ, ಎರಡನೆಯದು ಶಬ್ದಾಲಂಕಾರದ ಬಗ್ಗೆ, ಮೂರನೆಯದು ಅರ್ಥಾಲಂಕಾರದ ಬಗ್ಗೆ. ದಂಡಿಯ ‘ಕಾವ್ಯಾದರ್ಶ’ದಿಂದ ಶ್ರೀವಿಜಯ ಧಾರಾಳವಾಗಿ ತೆಗೆದುಕೊಂಡಿದ್ದಾನೆ ಎಂಬುದು ವಿದ್ವಾಂಸರೆಲ್ಲ ಒಪ್ಪಿದ ಮಾತು. ಆದರೂ ಕನ್ನಡದಲ್ಲಿ ಬರೆಯಲು ಕೂತವನ ಕಷ್ಟವೇನು ಎಂಬುದು ಅವನಿಗೆ ದಂಡಿಯಿಂದ ಸಿಗುವಂಥದ್ದಲ್ಲ. ಅದನ್ನು ಅವನು ತಾನೇ ಕಂಡು ಬರೆದಿದ್ದಾನೆ. ಆ ಭಾಗವನ್ನು ಇವತ್ತು ಬರೆಯುವವರ ಮೇಜಿನ ಮೇಲೆ ಇಟ್ಟರೆ ಏನಾಗುತ್ತದೆ ಎಂದು ನೋಡುವುದು ಈ ಬರಹದ ಉದ್ದೇಶ.

ಇದಕ್ಕೆ ಕಾರಣವಿದೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿರುವ ಕುಡತಿನಿಯವಳು ನಾನು. ಕನ್ನಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ನನ್ನ ಜೊತೆಯವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಎಲ್ಲರೂ ಓದಿದ್ದಾರೆ, ಕ್ಷೇತ್ರಕಾರ್ಯ ಮಾಡಿದ್ದಾರೆ, ಚಹಾದಂಗಡಿಯಲ್ಲಿ ಕೂತರೆ ತಮ್ಮ ವಿಷಯವನ್ನು ಅದ್ಭುತವಾಗಿ ಮಾತಾಡುತ್ತಾರೆ. ಬರೆಯಲು ಕೂತರೆ ಮಾತ್ರ ತಿಂಗಳುಗಟ್ಟಲೆ ಒಂದು ಅಧ್ಯಾಯ ಮುಗಿಯುವುದಿಲ್ಲ. ಅಂಥವರಿಗೆ ಸಿಗುವ ಸಲಹೆಗಳೆಲ್ಲ ಒಂದೇ ಥರದವು. ದಿನಕ್ಕೆ ಐನೂರು ಪದ ಬರೆಯಿರಿ. ಬೆಳಿಗ್ಗೆ ಐದಕ್ಕೆ ಏಳಿ. ಮೊಬೈಲ್ ದೂರ ಇಡಿ. ಇಪ್ಪತ್ತೈದು ನಿಮಿಷ ಬರೆದು ಐದು ನಿಮಿಷ ಬಿಡುವು ಕೊಡಿ.

ಈ ಸಲಹೆಗಳು ಸುಳ್ಳಲ್ಲ. ಇಪ್ಪತ್ತೈದು ನಿಮಿಷದ ಲೆಕ್ಕವನ್ನು ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ, ತಾನು ವಿದ್ಯಾರ್ಥಿಯಾಗಿದ್ದಾಗ, ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು ಕಂಡುಕೊಂಡದ್ದು. ಮನಸ್ಸು ಚದುರುವವರಿಗೆ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಪದ ಎಣಿಸುವ ಸಲಹೆ ಅದಕ್ಕಿಂತ ಹಳೆಯದು. ಇಂಗ್ಲೆಂಡಿನ ಕಾದಂಬರಿಕಾರ ಆಂಟನಿ ಟ್ರಾಲಪ್ ಅಂಚೆ ಇಲಾಖೆಯ ನೌಕರಿ ಮಾಡುತ್ತಲೇ ಬೆಳಗಿನ ಐದೂವರೆಗೆ ಮೇಜಿಗೆ ಕೂತು, ಗಡಿಯಾರ ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದದಂತೆ ಬರೆಯುತ್ತಿದ್ದ. ಅವನು ತೀರಿಕೊಂಡ ಮೇಲೆ 1883ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಈ ಲೆಕ್ಕವಿದೆ. ಬರವಣಿಗೆಯ ಸಲಹೆ ಕೊಡುವವರು ಇದನ್ನು ಮತ್ತೆ ಮತ್ತೆ ಎತ್ತಿ ಹೇಳುತ್ತಾರೆ.

ಅದೇ ಪುಸ್ತಕದ ಇನ್ನೊಂದು ವಿವರವನ್ನು ಅಷ್ಟಾಗಿ ಹೇಳುವುದಿಲ್ಲ. ಟ್ರಾಲಪ್‌ನನ್ನು ನಸುಕಿನಲ್ಲಿ ಎಬ್ಬಿಸಿ ಕಾಫಿ ತಂದುಕೊಡಲು ಒಬ್ಬ ಹಳೆಯ ಆಳು ಇದ್ದ. ಆ ಕೆಲಸಕ್ಕೆ ಅವನಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚುವರಿ ಸಂಬಳ. ತನ್ನ ಯಶಸ್ಸಿಗೆ ಬೇರೆ ಯಾರಿಗಿಂತಲೂ ಅವನಿಗೇ ಹೆಚ್ಚು ಋಣಿ ಎಂದು ಟ್ರಾಲಪ್ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾನೆ. ಸಲಹೆ ಕೊಡುವವರು 250 ಪದವನ್ನು ಉಳಿಸಿಕೊಂಡು ಕಾಫಿಯವನನ್ನು ಬಿಟ್ಟಿದ್ದಾರೆ. ನಮ್ಮ ಕಡೆ ಬೆಳಗಿನ ಐದು ಗಂಟೆಗೆ ಏಳುವ ಹೆಣ್ಣುಮಕ್ಕಳು ನೀರು ಹಿಡಿಯಲು, ರೊಟ್ಟಿ ಬಡಿಯಲು ಎದ್ದಿರುತ್ತಾರೆ. ಅದೇ ಹೊತ್ತಿನಲ್ಲಿ ಅವರಿಗೆ ಐನೂರು ಪದ ಬರೆಯಿರಿ ಎಂದು ಹೇಳುವ ಕೈಪಿಡಿಗೆ ಅವರ ಮನೆಯ ಪರಿಚಯ ಇಲ್ಲ.

ಎಣಿಸುವ ಚಟ ವಿಶ್ವವಿದ್ಯಾಲಯಗಳಿಗೂ ಇದೆ. ಯುಜಿಸಿಯ 2016ರ ನಿಯಮದ ಪ್ರಕಾರ ಪ್ರಬಂಧ ಸಲ್ಲಿಸುವ ಮೊದಲು ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟವಾಗಿರಬೇಕಿತ್ತು, ಎರಡು ವಿಚಾರಸಂಕಿರಣಗಳಲ್ಲಿ ಪ್ರಬಂಧ ಓದಿರಬೇಕಿತ್ತು. 2022ರ ನಿಯಮದಲ್ಲಿ ಆ ಕಡ್ಡಾಯ ಹೋಯಿತು. ನಿಯಮ ಹೋದರೂ ಅಭ್ಯಾಸ ಹೋಗಿಲ್ಲ. ‘ಎಷ್ಟಾಯ್ತು?’ ಎಂದು ಕೇಳುವವರೇ ಹೆಚ್ಚು. ‘ಏನು ಬರೆದಿ, ಓದು ನೋಡೋಣ’ ಎನ್ನುವವರು ಕಡಿಮೆ.

ಈಗ ಶ್ರೀವಿಜಯನ ಕಡೆ ಬರೋಣ. ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದದಲ್ಲಿ ನಾಲ್ಕು ಮೆಟ್ಟಿಲುಗಳ ಒಂದು ಏಣಿ ಇದೆ. ಅವನ ಮಾತನ್ನು ನನ್ನ ಕನ್ನಡದಲ್ಲಿ ಹೇಳುವುದಾದರೆ ಹೀಗೆ: ಮನಸ್ಸಿನಲ್ಲಿರುವುದನ್ನು ಇನ್ನೊಬ್ಬರಿಗೆ ತಿಳಿಯುವ ಹಾಗೆ ಹೇಳಬಲ್ಲವನು ಮಾತು ಬಲ್ಲವನು. ಕಿರಿದರಲ್ಲಿ ಹಿರಿದಾದ ಅರ್ಥವನ್ನು ತಿಳಿಸಬಲ್ಲವನು ಅವನಿಗಿಂತ ನಿಪುಣ. ಮಾತನ್ನು ಛಂದಸ್ಸಿನಲ್ಲಿ ಹೊಂದಿಸಬಲ್ಲವನು ಅವನಿಗಿಂತ ಜಾಣ. ತಡೆಯಿಲ್ಲದೆ ದೊಡ್ಡ ಕೃತಿಗಳನ್ನು ಮಾಡಬಲ್ಲವನು ಎಲ್ಲರಿಗಿಂತ ಬಲ್ಲವನು.

ಇವತ್ತಿನ ಸಲಹೆಗಳು ಯಾವುದನ್ನು ಮೊದಲು ಹೇಳುತ್ತವೋ ಅದನ್ನು ಶ್ರೀವಿಜಯ ಕೊನೆಗೆ ಇಟ್ಟಿದ್ದಾನೆ. ನಿಲ್ಲದೆ ಬರೆಯುವ ಶಕ್ತಿಯನ್ನು ಅವನು ಕೀಳಾಗಿ ಕಾಣುವುದಿಲ್ಲ, ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿಟ್ಟಿದ್ದಾನೆ. ಆದರೆ ಅಲ್ಲಿಗೆ ಹೋಗಲು ಮೊದಲ ಮೆಟ್ಟಿಲು ಹತ್ತಿರಬೇಕು, ಅಲ್ಲಿ ಇನ್ನೊಬ್ಬ ಮನುಷ್ಯ ಇದ್ದಾನೆ. ಪದದ ಲೆಕ್ಕದಲ್ಲಿ ಆ ಇನ್ನೊಬ್ಬನಿಗೆ ಜಾಗವಿಲ್ಲ. ಐನೂರು ಪದ ಆಯಿತೇ ಇಲ್ಲವೇ ಎಂದು ತಿಳಿಯಲು ಓದುಗನೇ ಬೇಕಾಗಿಲ್ಲ.

ಮೊದಲ ಮೆಟ್ಟಿಲು ಎಷ್ಟು ಎತ್ತರದ್ದು ಎಂಬುದಕ್ಕೆ ನಮ್ಮೂರಿನದೇ ಉದಾಹರಣೆ ಕೊಡುತ್ತೇನೆ. 2010ರ ಸುಮಾರಿಗೆ ಉಕ್ಕಿನ ಕಾರ್ಖಾನೆಗಳಿಗೆಂದು ಕುಡತಿನಿ ಮತ್ತು ಸುತ್ತಲಿನ ಹಳ್ಳಿಗಳ ಸಾವಿರಾರು ಎಕರೆ ಜಮೀನು ಸ್ವಾಧೀನವಾಯಿತು. ಬರಬೇಕಾದ ಕಾರ್ಖಾನೆಗಳು ಬರಲಿಲ್ಲ. ಭೂಮಿ ಕಳೆದುಕೊಂಡವರು ನ್ಯಾಯವಾದ ಬೆಲೆ ಕೇಳಿ, ಕೆಲಸ ಕೇಳಿ 2022ರ ಡಿಸೆಂಬರಿನಿಂದ ಧರಣಿ ಕೂತರು. ಇಂಥ ಊರಿನಲ್ಲಿ ಅತಿ ಹೆಚ್ಚು ಬರೆಯುವ ಸಾಹಿತ್ಯ ಪ್ರಕಾರ ಮನವಿ ಪತ್ರ. ಒಮ್ಮೆ ಒಬ್ಬ ಹಿರಿಯರು ಎಲ್ಲಿಯೋ ಟೈಪು ಮಾಡಿಸಿಕೊಂಡು ಬಂದ ಮನವಿಯನ್ನು ಓದಿ ಹೇಳಲು ನನ್ನ ಕೈಗೆ ಕೊಟ್ಟರು. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ಅರ್ಜಿದಾರನಾದ ನಾನು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಆರಂಭವಾಗಿ ಒಂದೂವರೆ ಪುಟ ಇತ್ತು. ಪೂರ್ತಿ ಕೇಳಿಸಿಕೊಂಡ ಅವರು ಒಂದೇ ಪ್ರಶ್ನೆ ಕೇಳಿದರು: ‘ಇದ್ರಾಗ ನಮ್ ಹೊಲ ಎಲ್ಲೈತವ್ವಾ?’

ಹೊಲ ಇರಲಿಲ್ಲ. ಸರ್ವೆ ನಂಬರ್ ಕೊನೆಯ ಪ್ಯಾರಾದಲ್ಲಿ ಒಂದು ಆವರಣದೊಳಗೆ ಸಿಕ್ಕಿಕೊಂಡಿತ್ತು. ಇಬ್ಬರೂ ಕೂತು ಅದನ್ನು ಐದು ವಾಕ್ಯ ಮಾಡಿದೆವು. ಸರ್ವೆ ನಂಬರ್ ಇಷ್ಟು, ಎಕರೆ ಇಷ್ಟು. ಯಾವ ವರ್ಷ ಹೋಯಿತು. ಎಷ್ಟು ಹಣ ಬಂತು. ಆಗ ಏನು ಮಾತು ಕೊಟ್ಟಿದ್ದರು. ಈಗ ಏನು ಕೇಳುತ್ತಿದ್ದೇವೆ. ಅದರಿಂದ ಅವರಿಗೆ ನ್ಯಾಯ ಸಿಕ್ಕಿತು ಎಂದು ನಾನು ಹೇಳುತ್ತಿಲ್ಲ, ಐದು ವಾಕ್ಯಕ್ಕೆ ಅಷ್ಟು ಶಕ್ತಿ ಇಲ್ಲ. ಆದರೆ ಕಾಗದ ಅವರದಾಯಿತು. ಯಾರಾದರೂ ಕೇಳಿದರೆ ಅದರಲ್ಲಿ ಏನಿದೆ ಎಂದು ಅವರೇ ಹೇಳಬಲ್ಲವರಾದರು. ಶ್ರೀವಿಜಯನ ಮೊದಲ ಮೆಟ್ಟಿಲು ಎಂದರೆ ಇಷ್ಟು.

ಎರಡನೆಯ ಮೆಟ್ಟಿಲಿಗೂ ನಮ್ಮೂರೇ ಸಾಕು. ಕುಡತಿನಿಯ ಬಳಿ ಒಂದು ಬೂದಿದಿಬ್ಬ ಇದೆ. ಭೀಮ ಹಿಡಿಂಬನನ್ನು ಕೊಂದು ಸುಟ್ಟ ಬೂದಿ ಅದು ಎಂಬುದು ಈ ಭಾಗದ ಕಥೆ. ಇದರ ಬಗ್ಗೆ ಸಂಶೋಧನ ಪ್ರಬಂಧಗಳಲ್ಲಿ ಕಾಣುವ ಮಾದರಿಯ ಒಂದು ವಾಕ್ಯವನ್ನು ಕಟ್ಟಿ ನೋಡೋಣ: ‘ಪ್ರಸ್ತುತ ಬೂದಿದಿಬ್ಬವು ನವಶಿಲಾಯುಗೀನ ಪಶುಪಾಲನಾ ಸಂಸ್ಕೃತಿಯ ಅವಶೇಷವಾಗಿ ಪರಿಗಣಿಸಲ್ಪಟ್ಟಿದೆ.’ ತಪ್ಪೇನಿಲ್ಲ, ಎಲ್ಲ ಸರಿಯಾಗಿಯೇ ಇದೆ. ಆದರೆ ಪರಿಗಣಿಸಿದವರು ಯಾರು? ‘-ಅಲ್ಪಟ್ಟಿದೆ’ ಎಂಬ ಆ ಬಾಲ ಬಂದ ಕೂಡಲೇ ಕೆಲಸ ಮಾಡಿದ ಮನುಷ್ಯ ವಾಕ್ಯದಿಂದ ಹೊರಟುಹೋಗುತ್ತಾನೆ. 19ನೇ ಶತಮಾನದ ಮೊದಲ ಅರ್ಧದಲ್ಲಿ ಈ ದಿಬ್ಬದ ಬಗ್ಗೆ ಬರೆದ ಕಂಪನಿ ಸೇನೆಯ ನ್ಯೂಬೋಲ್ಡ್, ಇದು ಸಗಣಿಯ ಬೂದಿ ಇರಬೇಕೆಂದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, 1960ರಲ್ಲಿ ಪರೀಕ್ಷೆಯ ಆಧಾರದಿಂದ ಅದನ್ನೇ ಹೇಳಿದ ಝಾಯ್ನರ್, 1963ರಲ್ಲಿ ದಕ್ಷಿಣ ಭಾರತದ ನವಶಿಲಾಯುಗದ ದನಗಾಹಿಗಳ ಮೇಲೆ ಪುಸ್ತಕ ಬರೆದ ಆಲ್‌ಚಿನ್, ಇಷ್ಟು ಜನರನ್ನು ಒಂದು ಕ್ರಿಯಾಪದ ನುಂಗಿಬಿಟ್ಟಿದೆ. ನೂರಕ್ಕೂ ಹೆಚ್ಚು ವರ್ಷ ನಡೆದ ಒಂದು ವಾದ ‘ಪರಿಗಣಿಸಲ್ಪಟ್ಟಿದೆ’ ಎಂಬಲ್ಲಿಗೆ ಮುಗಿದಿದೆ.

ಅದನ್ನೇ ಹೀಗೂ ಬರೆಯಬಹುದು: ‘ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿ ಜನ ದನಗಳನ್ನು ಕೂಡಿಹಾಕುತ್ತಿದ್ದರು. ಸಗಣಿ ಗುಡ್ಡೆಯಾಯಿತು. ಅದಕ್ಕೆ ಮತ್ತೆ ಮತ್ತೆ ಬೆಂಕಿ ಹಚ್ಚಿದರು. ಆ ಬೂದಿಯೇ ಈ ದಿಬ್ಬ.’ ಇಲ್ಲಿ ಪದಗಳು ಹೆಚ್ಚಾಗಿವೆ, ನಿಜ. ಕಿರಿದರಲ್ಲಿ ಹಿರಿದು ಎಂದರೆ ಪದಗಳನ್ನು ಕಡಿಮೆ ಮಾಡುವುದು ಎಂದಷ್ಟೇ ಅರ್ಥವಲ್ಲ. ಓದಿದವರಿಗೆ ದೊಡ್ಡಿ ಕಾಣಬೇಕು, ದನ ಕಾಣಬೇಕು, ಬೆಂಕಿ ಕಾಣಬೇಕು. ನಂತರ ಮುಂದಿನ ಪ್ರಶ್ನೆ ತಾನಾಗಿ ಹುಟ್ಟುತ್ತದೆ: ಅಷ್ಟು ಬೆಲೆಯ ಗೊಬ್ಬರವನ್ನು ಯಾಕೆ ಸುಟ್ಟರು? ಮೊದಲ ವಾಕ್ಯ ಆ ಪ್ರಶ್ನೆಯನ್ನು ಮುಚ್ಚಿತ್ತು, ಎರಡನೆಯದು ತೆರೆಯಿತು. ಸಂಶೋಧನೆಗೆ ಬೇಕಾದದ್ದು ಪ್ರಶ್ನೆಯೇ ಅಲ್ಲವೇ?

ಮೊದಲ ಬಗೆಯ ವಾಕ್ಯ ಎಲ್ಲಿಂದ ಬಂತು ಎಂಬುದಕ್ಕೂ ‘ಕವಿರಾಜಮಾರ್ಗ’ದಲ್ಲಿ ಒಂದು ಸುಳಿವಿದೆ. ಹೊಂದದ ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಸಮಾಸ ಮಾಡಿ ಕಟ್ಟುವುದು, ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಹಾಕಿದಂತೆ ಎನ್ನುತ್ತಾನೆ ಶ್ರೀವಿಜಯ. ಅಡುಗೆಮನೆ ಬಲ್ಲವರಿಗೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿಲ್ಲ. ಹಾಲೂ ಒಳ್ಳೆಯದು, ಮಜ್ಜಿಗೆಯೂ ಒಳ್ಳೆಯದು, ಒಡೆಯುವುದು ಬೆರೆಸಿದ ಹೊತ್ತು ತಪ್ಪಿದ್ದರಿಂದ. ಅವನು ಸಂಸ್ಕೃತ ಬೇಡ ಎನ್ನುವವನಲ್ಲ, ಕನ್ನಡಕ್ಕೆ ಹೊಂದಿಕೊಂಡ ಸಂಸ್ಕೃತ ಪದಗಳನ್ನು ಒಪ್ಪುತ್ತಾನೆ. ಬಳಕೆ ತಪ್ಪಿದ ಹಳಗನ್ನಡ ಪದಗಳು ಹಳೆಯ ಕಾವ್ಯಗಳಲ್ಲಿ ಚೆಂದ, ಹೊಸ ಬರಹಕ್ಕೆ ತಂದರೆ ರಸ ಕೆಡುತ್ತದೆ ಎಂದೂ ಹೇಳುತ್ತಾನೆ. ಹನ್ನೊಂದು ಶತಮಾನ ಕಳೆದ ಮೇಲೂ ನಮ್ಮ ಪ್ರಬಂಧಗಳಲ್ಲಿ ‘ತನ್ಮೂಲಕ’, ‘ಏತನ್ಮಧ್ಯೆ’, ‘ತತ್ಸಂಬಂಧಿತ’ ಓಡಾಡುತ್ತಿರುವುದನ್ನು ಕಂಡರೆ ಅವನು ಏನೆನ್ನುತ್ತಿದ್ದನೋ.

ಹಾಗೆಂದು ಅವನನ್ನು ಪೂರ್ತಿ ಹೊತ್ತು ಮೆರೆಸುವ ಅಗತ್ಯವಿಲ್ಲ. ಹಳೆಯ ಪದಗಳ ವಿಷಯದಲ್ಲಿ ಅವನು ಕೊಡುವ ಹೋಲಿಕೆ ಮುಪ್ಪಾದ ಹೆಣ್ಣನ್ನು ಕೂಡುವ ಕುರಿತದ್ದು. ತರಗತಿಯಲ್ಲಿ ಅದನ್ನು ಓದುವಾಗ ಎದುರಿಗೆ ಕೂತ ಹುಡುಗಿಯರ ಮುಖ ನೋಡಿದರೆ, ಈ ಪುಸ್ತಕ ಯಾರನ್ನು ತನ್ನ ಓದುಗ ಎಂದುಕೊಂಡಿತ್ತು, ಯಾರನ್ನು ಎಂದುಕೊಂಡಿರಲಿಲ್ಲ ಎಂಬುದು ತಿಳಿಯುತ್ತದೆ. ಪುಸ್ತಕದ ಉದ್ದಕ್ಕೂ ಇದು ನೃಪತುಂಗನ ಮತ ಎಂಬ ಮುದ್ರೆಯೂ ಇದೆ. ಅರಮನೆಯ ಒಪ್ಪಿಗೆ ಪಡೆದ ಕೈಪಿಡಿ ಅದು. ಪದ್ಯಕ್ಕೆಂದೇ ಹೇಳಿದ ಎಷ್ಟೋ ನಿಯಮಗಳು ಇಂದಿನ ಗದ್ಯಕ್ಕೆ ಉಪಯೋಗವಿಲ್ಲ. ಉಪಯೋಗ ಇರುವುದನ್ನು ಮಾತ್ರ ತೆಗೆದುಕೊಳ್ಳುವ ಸ್ವಾತಂತ್ರ್ಯ ನಮಗಿದೆ. ದಂಡಿಯ ವಿಷಯದಲ್ಲಿ ಅವನೂ ಅದನ್ನೇ ಮಾಡಿದ.

ಹಾಗೆ ತೆಗೆದುಕೊಳ್ಳಬೇಕಾದುದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಕಾಡಿಗೆಯ ಮಾತು. ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನು ಕಾಣಲಾರದು, ಹಾಗೆಯೇ ಬರೆದವನು ತನ್ನ ದೋಷವನ್ನು ಏನು ಮಾಡಿದರೂ ಕಾಣಲಾರ, ಆದ್ದರಿಂದ ಬಲ್ಲವರಿಂದ ಓದಿಸಿ ಕಾವ್ಯವನ್ನು ಕಟ್ಟಬೇಕು ಎನ್ನುತ್ತಾನೆ. ಸಂಪಾದಕ ಎಂಬ ಪದವಾಗಲಿ ಅಂಥ ಉದ್ಯೋಗವಾಗಲಿ ಇಲ್ಲದ ಕಾಲದಲ್ಲಿ ಸಂಪಾದಕನ ಅಗತ್ಯವನ್ನು ಇಷ್ಟು ಖಚಿತವಾಗಿ ಹೇಳಿದ್ದಾನೆ. ಇದರಲ್ಲಿ ಬರೆಯುವವನನ್ನು ಬೈಯುವ ಧಾಟಿ ಇಲ್ಲ ಎಂಬುದನ್ನೂ ಗಮನಿಸಬೇಕು. ಕಣ್ಣಿಗೆ ಕಾಡಿಗೆ ಕಾಣದಿರುವುದು ಕಣ್ಣಿನ ಅಪರಾಧವಲ್ಲ, ಅದು ಇರುವ ಜಾಗವೇ ಅಂಥದ್ದು. ಒಂಟಿಯಾಗಿ ಕೂತು, ಗಡಿಯಾರ ಇಟ್ಟುಕೊಂಡು, ತಿಂಗಳುಗಟ್ಟಲೆ ಒಂದೇ ಅಧ್ಯಾಯವನ್ನು ತಿದ್ದುತ್ತಿರುವ ನನ್ನ ಗೆಳೆಯ ಗೆಳತಿಯರಿಗೆ ಯಾರಾದರೂ ಹೇಳಬೇಕಾದ ಮಾತು ಇದು. ಅವರಲ್ಲಿ ಶ್ರಮ ಕಡಿಮೆ ಇಲ್ಲ, ಇನ್ನೊಂದು ಜೊತೆ ಕಣ್ಣು ಇಲ್ಲ.

ಆ ಇನ್ನೊಂದು ಜೊತೆ ಕಣ್ಣು ಕೇಳಲು ನಮ್ಮವರು ಹಿಂಜರಿಯುವುದಕ್ಕೆ ಕಾರಣ ಭಾಷೆಯ ಭಯ. ಬಳ್ಳಾರಿ ಕಡೆಯ ಕನ್ನಡದಲ್ಲಿ ತೆಲುಗು ಇದೆ, ಉರ್ದು ಇದೆ. ಅದನ್ನು ಬರೆದರೆ ನಗುತ್ತಾರೆ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವರು ಭಾರವಾದ ಸಂಸ್ಕೃತ ಪದಗಳ ಹಿಂದೆ ಅಡಗುತ್ತಾರೆ. ತಿರುಳ್ಗನ್ನಡದ ನಾಡು ಎಂದು ಶ್ರೀವಿಜಯ ಹೆಸರಿಸುವ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳಲ್ಲಿ ಕೊಪಣವೆಂದರೆ ನಮ್ಮ ಪಕ್ಕದ ಕೊಪ್ಪಳ. ಹೊಸಪೇಟೆ ದಾಟಿದರೆ ಸಿಗುತ್ತದೆ. ನಾವು ಆ ಗೆರೆಯ ಹೊರಗೆ, ಸ್ವಲ್ಪವೇ ಪೂರ್ವಕ್ಕೆ ಇದ್ದೇವೆ. ಆದರೆ ಅದೇ ಶ್ರೀವಿಜಯ ಕನ್ನಡವನ್ನು ಬಹುವಚನದಲ್ಲಿ ಕರೆಯುತ್ತಾನೆ. ದೇಸಿ ಬೇರೆ ಬೇರೆ ಇರುವುದರಿಂದ ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ನಿರ್ಧರಿಸಲು ಹೋದರೆ ವಾಸುಕಿಗೂ ಬೇಸರ ಬರುತ್ತದೆ ಎನ್ನುತ್ತಾನೆ. ಕೆ.ವಿ. ಸುಬ್ಬಣ್ಣನವರು ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಬರಹದಲ್ಲಿ ಈ ಕೃತಿಯನ್ನು ಇಂದಿನ ಬದುಕಿಗೆ ತಂದು ಓದುವ ದಾರಿ ತೋರಿಸಿದರು. ಬರೆಯಲು ಹೆದರುವವರಿಗೆ ಆ ಬಹುವಚನ ಒಂದು ಪರವಾನಗಿ.

ಆ ಪರವಾನಗಿಯನ್ನು ಬಳಸಿದವರು ನಮ್ಮ ಸೀಮೆಯಲ್ಲೇ ಇದ್ದಾರೆ. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಆಂಧ್ರದ ಗಡಿಹಳ್ಳಿಗಳಲ್ಲಿ ಶಾಲಾ ಶಿಕ್ಷಕರಾಗಿದ್ದವರು. 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ ‘ಅರಮನೆ’ಯಲ್ಲಿ ಮನ್ರೋ ಸಾಹೇಬನ ಕಾಲದ ಬಳ್ಳಾರಿ ಸೀಮೆ ಇದೆ. ಆ ಕಾದಂಬರಿಯ ವಾಕ್ಯ ನಿಲ್ಲುವುದೇ ಇಲ್ಲ ಎಂಬ ದೂರು ಓದುಗರಲ್ಲಿದೆ, ನನಗೂ ಎಷ್ಟೋ ಕಡೆ ಉಸಿರು ಕಟ್ಟಿದೆ. ಆದರೆ ತಡೆಯಿಲ್ಲದೆ ದೊಡ್ಡ ಕೃತಿ ಮಾಡುವುದು ಎಂದರೇನು ಎಂದು ಕೇಳಿದರೆ ನಾನು ತೋರಿಸುವುದು ಅದನ್ನೇ. ತನ್ನ ಬಾಯಿಯ ಮಾತಿಗೆ ನಾಚಿಕೊಳ್ಳುವವನು ಅಷ್ಟು ದೂರ ಓಡಲಾರ. ಉತ್ಪಾದಕತೆ ಎಂದು ನಾವು ಕರೆಯುವುದರ ಒಂದು ಭಾಗ ನಾಚಿಕೆ ಬಿಟ್ಟದ್ದರ ಫಲ.

ಇನ್ನು ಉಪಕರಣಗಳ ಮಾತು. ಇವು ಈಗ ನಮ್ಮಲ್ಲಿ ಸಾಕಷ್ಟಿವೆ, ಬಳಸುವವರು ಕಡಿಮೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇದೆ. 1894ರ ಕಿಟೆಲ್ ಕೋಶ ಇದೆ. 2019ರಿಂದ ‘ಅಲರ್’ ಕೋಶ ಫೋನಿನಲ್ಲೇ ಸಿಗುತ್ತದೆ. ಒಂದು ಪದದ ಬಗ್ಗೆ ಅನುಮಾನ ಬಂದರೆ ದೊಡ್ಡ ಪದಕ್ಕೆ ಹಾರುವ ಮೊದಲು ಇವುಗಳಲ್ಲಿ ಒಂದನ್ನು ತೆರೆಯಬೇಕು. ಬರಹವನ್ನು ಯೂನಿಕೋಡಿನಲ್ಲೇ ಇಟ್ಟುಕೊಳ್ಳಬೇಕು. ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಉಳಿದ ಕಡತದಲ್ಲಿ ಒಂದು ಹೆಸರು ಹುಡುಕಬೇಕೆಂದರೂ ಸಿಗುವುದಿಲ್ಲ, ಬೇರೆಯವರಿಗೆ ಕಳಿಸಿದರೆ ಅವರಿಗೆ ಅಕ್ಷರವೇ ಕಾಣುವುದಿಲ್ಲ. ಓದಲು ಬಾರದ ಕಡತಕ್ಕೆ ಓದುಗ ಎಲ್ಲಿಂದ ಸಿಗಬೇಕು? ಚಹಾದಂಗಡಿಯಲ್ಲಿ ಚೆನ್ನಾಗಿ ಮಾತಾಡಿ ಮೇಜಿನ ಮುಂದೆ ತಡವರಿಸುವವರು ಫೋನಿಗೆ ಮಾತಾಡಿ ಟೈಪು ಮಾಡಿಸಿಕೊಳ್ಳಬಹುದು. ಕನ್ನಡಕ್ಕೂ ಆ ಸೌಲಭ್ಯ ಬಂದಿದೆ. ಯಂತ್ರ ತಪ್ಪು ಮಾಡುತ್ತದೆ, ತಿದ್ದಬೇಕು. ಆದರೆ ತಿದ್ದಲು ನಿಮ್ಮದೇ ಮಾತು ಕೈಯಲ್ಲಿರುತ್ತದೆ.

ನನಗಿಂತ ಕಿರಿಯರು ಕೇಳಿದರೆ ನಾನು ಹೇಳುವುದು ಇಷ್ಟು. ಅಧ್ಯಾಯದ ಮೊದಲ ಕರಡನ್ನು ಇಬ್ಬರಿಗೆ ಓದಿಸಿ: ವಿಷಯ ಬಲ್ಲವರೊಬ್ಬರಿಗೆ, ಏನೂ ಬಾರದವರೊಬ್ಬರಿಗೆ. ಎರಡನೆಯವರಿಗೆ ಕಾಗದ ಕೊಡಬೇಡಿ, ನೀವೇ ಗಟ್ಟಿಯಾಗಿ ಓದಿ ಹೇಳಿ. ಓದುವಾಗ ನಿಮ್ಮ ನಾಲಿಗೆ ಎಲ್ಲಿ ತೊಡರುತ್ತದೆ, ಅವರ ಕಣ್ಣು ಎಲ್ಲಿ ಕಿಟಕಿಯ ಕಡೆ ತಿರುಗುತ್ತದೆ ಎಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ‘-ಅಲ್ಪಟ್ಟಿದೆ’ ಬಂದಲ್ಲೆಲ್ಲ ಯಾರು ಎಂದು ಕೇಳಿಕೊಳ್ಳಿ. ದಿನಕ್ಕೆ ಎಷ್ಟು ಪದ ಎಂಬುದನ್ನು ನಿಮ್ಮ ಮನೆಯ ಕೆಲಸ, ಬಸ್ಸಿನ ಹೊತ್ತು, ಕರೆಂಟು ನೋಡಿಕೊಂಡು ನೀವೇ ಗೊತ್ತುಮಾಡಿಕೊಳ್ಳಿ. ಯಾರಾದರೂ ನಿಮಗಾಗಿ ಚಹಾ ಮಾಡಿಕೊಡುತ್ತಿದ್ದರೆ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರಿಗಿಂತ ಮೊದಲು ಅವರ ಹೆಸರು ಬರೆಯಿರಿ. ಮತ್ತು ನಿಮ್ಮ ಜೊತೆಯವರು ತಮ್ಮ ಅಧ್ಯಾಯ ತಂದು ಕೊಟ್ಟರೆ, ನಿಮ್ಮದು ಬಾಕಿ ಇದ್ದರ��, ಆ ಸಂಜೆ ಅವರದನ್ನು ಓದಿ. ಕಾಡಿಗೆ ಎಲ್ಲಿ ಹರಡಿದೆ ಎಂದು ಹೇಳಲು ಎದುರಿಗೆ ಒಬ್ಬರು ಕೂತಿರಬೇಕಲ್ಲ, ಆ ಒಬ್ಬರು ಒಮ್ಮೊಮ್ಮೆ ನಾವೂ ಆಗಬೇಕಾಗುತ್ತದೆ.